ಓಬಳಮ್ಮನವರು ತಂದೊಪ್ಪಿಸಿದ ರೈಫಲ್

2021ರಲ್ಲಿ ನಾನು ಜಿಲ್ಲಾ ಪೊಲೀಸ್ ಆಯುಧಾಗಾರದಲ್ಲಿ ಹಿರಿಯ ಆರ್ಮರರ್ ಆಗಿದ್ದೆ. ಇಲಾಖೆಯ ಬಂದೂಕುಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡುವುದು ನಮ್ಮ ಕೆಲಸ. ಅದರ ಜೊತೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಜನ ಠಾಣೆಗೆ ಒಪ್ಪಿಸುವ ಖಾಸಗಿ ಆಯುಧಗಳನ್ನು ಗುರುತಿಸಿ ಅಂದಾಜು ಬೆಲೆ ಬರೆದುಕೊಡುವ ಹೊಣೆಯೂ ನನ್ನದಾಗಿತ್ತು. ಬರುತ್ತಿದ್ದುದು ಹೆಚ್ಚಾಗಿ ತುಕ್ಕು ತಿಂದ ನಾಡಬಂದೂಕುಗಳು. ಆ ಡಿಸೆಂಬರಿನಲ್ಲಿ ಜಗಳೂರು ಕಡೆಯ ಒಂದು ಠಾಣೆಯಿಂದ ಕರೆ ಬಂದಾಗಲೂ ಅಂಥದ್ದೇ ಇನ್ನೊಂದು ಅಂದುಕೊಂಡು ಬಸ್ಸು ಹತ್ತಿದೆ.

ಠಾಣೆಯ ಬೆಂಚಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಹೆಸರು ಓಬಳಮ್ಮ. ತಮ್ಮೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಗಂಡ ಬೋರಯ್ಯ ತೀರಿಕೊಂಡ ಮೇಲೆ ಲೈಸೆನ್ಸ್ ಸಮೇತ ಅವನ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ ತಾವೇ ತಂದಿದ್ದರು. ಬೋರಯ್ಯನ ಅಪ್ಪ ಯಾರೋ ಜಮೀನ್ದಾರರಿಂದ ಕೊಂಡದ್ದಂತೆ. ಬೋರಯ್ಯ ಅದನ್ನು ಒಮ್ಮೆಯೂ ಹಾರಿಸಿರಲಿಲ್ಲ. ಆಯುಧಪೂಜೆಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದ, ಅಷ್ಟೆ.

"ಇದಕ್ಕೆ ಏನಾದ್ರೂ ಬರತೈತೇನ್ರಿ ಸಾರ್? ಬರದಿದ್ರೂ ಚಿಂತಿಲ್ಲ. ಒಬ್ಳೇ ಇರೋಳು, ಮನೇಲಿ ಇಟ್ಕಳಾಕೆ ಭಯ," ಎಂದರು.

ಕಂಬಳಿ ಬಿಚ್ಚಿದಾಗ ನಾನು ನಿಜಕ್ಕೂ ಬೆರಗಾದೆ. ಎರಡನೇ ಮಹಾಯುದ್ಧದ ಕಾಲದ, ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್. ಹಿಡಿಯ ಮೇಲಿನ ಉಕ್ಕಿನ ಪಟ್ಟಿಯಲ್ಲಿ ಕಿರೀಟದ ಮುದ್ರೆ, ಅದರ ಕೆಳಗೆ 1942. ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟಿನ ಮೇಲಿನ ನಂಬರೂ ರೈಫಲ್ಲಿನ ಮೈಮೇಲಿನ ನಂಬರೂ ಒಂದೇ. ಮರದಲ್ಲಿ ಒಂದು ಸೀಳೂ ಇರಲಿಲ್ಲ. ಸೈನ್ಯ ಕೈಬಿಟ್ಟ ಇಂಥ ಕೆಲವು ರೈಫಲ್‌ಗಳಿಗೆ ಬೇರೆ ನಳಿಗೆ ಕೂರಿಸಿ, 'ತ್ರೀ ಫಿಫ್ಟೀನ್' ಎಂಬ ಅಳತೆಗೆ ಬದಲಿಸಿ ನಾಗರಿಕರಿಗೆ ಮಾರಿದ್ದುಂಟು. ಲೈಸೆನ್ಸ್‌ನಲ್ಲಿಯೂ 315 ಎಂದೇ ಇತ್ತು. ಪರವಾನಗಿ ಇರುವ ಅಂಗಡಿಯವರು ಕೊಂಡರೆ ಐವತ್ತು ಸಾವಿರಕ್ಕೆ ಮೋಸವಿಲ್ಲ ಎಂದೆ. ಅವರ ಮುಖ ಅರಳಿತು.

ಕೊನೆಗೆ ನಳಿಗೆಯ ಬಾಯಿಗೆ ಗೇಜ್ ಹಾಕಿದೆ. ಒಳ ಅಳತೆ ನೋಡುವ ಉಕ್ಕಿನ ಕಡ್ಡಿ ಅದು. 315ರದು ಒಳಗೆ ಹೋಗಲಿಲ್ಲ. 303ರದು ಸಲೀಸಾಗಿ ಇಳಿಯಿತು. ನಳಿಗೆಯನ್ನು ಯಾರೂ ಬದಲಿಸಿರಲೇ ಇಲ್ಲ. ಪೊಲೀಸರ ಬಾಯಲ್ಲಿ 'ತ್ರೀ ನಾಟ್ ತ್ರೀ' ಆದ ಈ ಅಳತೆ ಸೈನ್ಯದ್ದು. ವಿಶೇಷ ಅನುಮತಿಯಿಲ್ಲದೆ ಇಟ್ಟುಕೊಂಡರೆ ನಿಷೇಧಿತ ಆಯುಧ. ಶಿಕ್ಷೆ ಕಡಿಮೆಯೆಂದರೂ ಏಳು ವರ್ಷ. ಪ್ರತಿ ನವೀಕರಣದಲ್ಲೂ ಯಾರೋ ಒಬ್ಬರು ಈ ರೈಫಲ್ಲನ್ನು ನೋಡಿ ಸಹಿ ಮಾಡಿದ್ದರು. ಗೇಜ್ ಹಾಕಿದವರು ಮಾತ್ರ ಇರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಒಳ್ಳೆಯ ಹುಡುಗ. ನನ್ನನ್ನು ಪಕ್ಕಕ್ಕೆ ಕರೆದು, "ಲೈಸೆನ್ಸ್‌ನಾಗೆ ಇದ್ದಂಗೇ ಬರೆದುಬಿಡ್ರಿ ಸಾರ್. ಪಾಪ, ಆಯಮ್ಮಗೆ ಏನು ಗೊತ್ತೈತೆ," ಎಂದ.

ಹಾಗೆ ಬರೆದಿದ್ದರೆ ಸೈನ್ಯದ ರೈಫಲ್ಲೊಂದು ಸುಳ್ಳು ಹೆಸರಿನಲ್ಲಿ ನನ್ನ ಸಹಿಯೊಂದಿಗೆ ಮಾರುಕಟ್ಟೆಗೆ ಹೋಗುತ್ತಿತ್ತು. ನಾನು 303 ಎಂದೇ ಬರೆದೆ. ಸ್ವಂತ ಇಚ್ಛೆಯಿಂದ ತಂದೊಪ್ಪಿಸಿದ್ದಾರೆ ಎಂದೂ ಸೇರಿಸಿದೆ. ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ. ಬೆಲೆಯ ಜಾಗದಲ್ಲಿ ಒಂದು ಗೆರೆ ಎಳೆದೆ. ಮಾರುವಂತಿಲ್ಲದ ವಸ್ತುವಿಗೆ ಬೆಲೆಯಿಲ್ಲ. ಓಬಳಮ್ಮನವರಿಗೆ ವಿಷಯ ತಿಳಿಸಿ, ದುಡ್ಡು ಸಿಗುವುದಿಲ್ಲ, ಆದರೆ ಹೆದರಬೇಡಿ ಎಂದೆ. ಅವರು ಖಾಲಿ ಕಂಬಳಿಯನ್ನು ಮಡಚಿಕೊಂಡು ಹೊರಟರು.

ನನ್ನ ವರದಿ ಮೇಲಕ್ಕೆ ಹೋಯಿತು. ಸ್ವಂತ ಇಚ್ಛೆ ಎಂಬ ಸಾಲನ್ನು ಯಾರು ಓದಿದರೋ ಗೊತ್ತಿಲ್ಲ. ಬೋರಯ್ಯ ಸತ್ತ ದಿನದಿಂದ ಠಾಣೆಗೆ ತಂದ ದಿನದವರೆಗೆ ರೈಫಲ್ ಓಬಳಮ್ಮನವರ ವಶದಲ್ಲಿತ್ತು ಎಂದು ಅವರ ಮೇಲೆಯೇ ಕೇಸಾಯಿತು. ಮಾರಿದವನೂ ಕೊಂಡವನೂ ಸತ್ತಿದ್ದರು. ಸಹಿ ಮಾಡಿದವರನ್ನು ಯಾರೂ ಕೇಳಲಿಲ್ಲ. ಕಟಕಟೆಗೆ ಉಳಿದವರು ಅವರೊಬ್ಬರೇ. ಜಾಮೀನು ಸಿಕ್ಕಿತು. ಆದರೆ ಬಂದೂಕಿನ ಕೇಸಿರುವವರು ಮಕ್ಕಳಿಗೆ ಅಡುಗೆ ಮಾಡುವುದು ಹೇಗೆ ಎಂದು ಊರಿನಲ್ಲಿ ಮಾತೆದ್ದು, ಅವರನ್ನು ಬಿಸಿಯೂಟದ ಕೆಲಸದಿಂದ ಬಿಡಿಸಿದರು.

ನಿವೃತ್ತನಾದ ಮೇಲೆ, 2024ರಲ್ಲಿ, ಸಾಕ್ಷಿ ಹೇಳಲು ಹೋದೆ. ನಾನು ಸರ್ಕಾರದ ಕಡೆಯ ಸಾಕ್ಷಿ. ಗೇಜಿನ ವಿಚಾರ ಕೇಳಿದರು, ಹೇಳಿದೆ. ಆಮೇಲೆ ನ್ಯಾಯಾಧೀಶರು ಓಬಳಮ್ಮನವರನ್ನು ನಿಮ್ಮ ಹೇಳಿಕೆ ಏನು ಎಂದು ಕೇಳಿದರು.

"ಸೂಳೆಕೆರೆ ಹತ್ರ ನನ್ನ ತಮ್ಮ ಅದಾನೆ ಸ್ವಾಮಿ. ಕೆರೆಗೆ ಎಸೆದುಬಿಡು ಅಕ್ಕ, ಯಾರೂ ಕೇಳಲ್ಲ ಅಂದಿದ್ದ. ಲೈಸೆನ್ಸ್ ಕೊಟ್ಟಿದ್ದು ಸರ್ಕಾರ, ಸರ್ಕಾರಕ್ಕೇ ಒಪ್ಪಿಸಬೇಕು ಅಂತ ನಾನೇ ತಂದೆ. ಅದೇ ತಪ್ಪಾತು."

ತಿಂಗಳೊಪ್ಪತ್ತಿನಲ್ಲಿ ಅವರು ಖುಲಾಸೆಯಾದರು. ರೈಫಲ್ಲನ್ನು ತುಂಡರಿಸಲು ಆದೇಶವಾಯಿತು. ಶಾಲೆಯ ಒಲೆಯ ಮುಂದೆ ಅಷ್ಟರಲ್ಲಿ ಬೇರೆಯವರಿದ್ದರು. ತೀರ್ಪಿನ ದಿನ ನ್ಯಾಯಾಲಯದ ಹೊರಗೆ ಸಿಕ್ಕಿದಾಗ, ಒಳ್ಳೆಯದಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ನೀವೂ ಸುಳ್ಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಹೋಗಿದ್ದು ನಂದು ಒಬ್ಬಳದು."

ಈಗಲೂ ಹೊನ್ನಾಳಿ, ನ್ಯಾಮತಿ ಕಡೆಯಿಂದ ಪರಿಚಯದವರು ಫೋನ್ ಮಾಡಿ, ಅಜ್ಜನ ಕಾಲದ ಬಂದೂಕು ಐತೆ, ಏನು ಮಾಡೋಣ ಎಂದು ಕೇಳುತ್ತಾರೆ. ಠಾಣೆಗೆ ಒಪ್ಪಿಸಿ ಎಂದೇ ಹೇಳುತ್ತೇನೆ, ಬೇರೆ ಉತ್ತರವಿಲ್ಲ. ಆದರೆ ಮೊದಲು ಒಬ್ಬ ವಕೀಲರನ್ನು ಕಂಡು, ಅವರನ್ನು ಜೊತೆಗೆ ಕರೆದುಕೊಂಡೇ ಹೋಗಿ ಎನ್ನುತ್ತೇನೆ. ಪೊಲೀಸ್ ಇಲಾಖೆಯಲ್ಲಿ ಜೀವಮಾನ ಕಳೆದವನು ಠಾಣೆಗೆ ಹೋಗುವವರಿಗೆ ಕೊಡಬೇಕಾಗಿ ಬಂದಿರುವ ಸಲಹೆ ಇದು. ನನ್ನ ಕೆಲಸ ನನಗೆ ಕಲಿಸಿದ್ದೂ ಇದನ್ನೇ.