ಶಹಜಾದಿಯ ಕಾಯಿ

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ತಿಕೋಟಾದ ಮೊದಲ ಬಸ್ಸಿಗೆ ಬಂದಿಳಿದ ಹುಲಿಗೆವ್ವ ಛಾಪಖಾನೆಯ ಹಿಂದಿನ ಕೋಣೆಯಲ್ಲಿ ಗೋಣಿತಟ್ಟು ಹಾಸಿ ಕೂತಿದ್ದಾರೆ. ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಗ್ರಹ, ಅದರ ತುಂಬ ಚೌಕದ ಮನೆಗಳು. ಒಂದು ಮನೆಯಲ್ಲಿ ಹುಣಸೆ ಬೀಜ, ಇನ್ನೊಂದರಲ್ಲಿ ಹಸಿರು ಬಳೆಚೂರು. ಕವಡೆ ಎಸೆಯುತ್ತಾರೆ, ಬೀಜವನ್ನು ಮೂರು ಮನೆ ನಡೆಸುತ್ತಾರೆ, ಕರಡು ಹಾಳೆಯ ಅಂಚಿಗೆ ಪೆನ್ಸಿಲ್ಲಿನಿಂದ ಗೀಟು ಹಾಕುತ್ತಾರೆ. ಬಳೆಚೂರನ್ನು ಮುಟ್ಟುವುದಿಲ್ಲ.

ಈಕೆ ಪುಸ್ತಕ ಹೊಲಿಯುವವರು. ದಿನಕ್ಕೆ ಸಾವಿರದಿನ್ನೂರು ಹಾಳೆ ಮಡಚಿ, ಎಂಬತ್ತು ಪುಸ್ತಕಕ್ಕೆ ದಾರ ಹಾಕುತ್ತಾರೆ. ಕೆಲಸಕ್ಕೆ ಮೊದಲಿನ ಎರಡು ತಾಸು ಮಾತ್ರ ಆಟದ ಪರೀಕ್ಷಕಿ. ನಿಡೋಣಿಯ ಗಣಿತದ ಮಾಸ್ತರ ಸಿದ್ದರಾಯರು ಎಪ್ಪತ್ತೈದನೆಯ ಇಸವಿಯಲ್ಲಿ ‘ಬಾನಬಂಡಿ’ ಎಂಬ ಆಟದ ಪುಸ್ತಕ ಬರೆದರು. ಒಬ್ಬರು ಕಥೆ ನಡೆಸಬೇಕು. ಉಳಿದವರು ಮುಂದೆಂದೋ ಬರುವ ಕಾಲದ ಸವಾರರಾಗಿ ಗ್ರಹದಿಂದ ಗ್ರಹಕ್ಕೆ ಹೋಗುತ್ತ, ಸವಾರನ ಬಾಯಿಂದಲೇ ಮಾತಾಡಬೇಕು. ಸಂಶಯ ಬಂದಲ್ಲಿ ತೀರ್ಪು ಹೇಳುವ ಪಂಚ ಕವಡೆಯೇ. ನಾಲ್ಕು ವರ್ಷದ ಮೇಲೆ ಈಗ ಹೊಸ ಗ್ರಹ, ಹೊಸ ನೇಮಗಳ ಪುರವಣಿ ಪುಸ್ತಕವೊಂದು ಸಿದ್ಧವಾಗಿದೆ. ಪುರವಣಿ ಎಂದರೆ ನನ್ನಂಥ ಪತ್ರಿಕೆಯವರು ಬರೆದು, ಮರುದಿನ ಭಜಿ ಕಟ್ಟಲು ಹೋಗುವ ಕಾಗದ ಎಂದೇ ನಾನು ತಿಳಿದಿದ್ದೆ. ಈ ಪುರವಣಿ ಹಾಗಲ್ಲ, ಹುಲಿಗೆವ್ವ ಆಡಿ ಪಾಸು ಮಾಡದೆ ಇದರ ಒಂದು ಹಾಳೆಯೂ ಅಚ್ಚಿಗೆ ಹೋಗುವುದಿಲ್ಲ.

ಕಲಿತದ್ದು ನಾಲ್ಕನೆಯ ಇಯತ್ತೆ. ಇಪ್ಪತ್ತಾರಕ್ಕೇ ಗಂಡ ಅಂಬಾದಾಸನನ್ನು ಕಳೆದುಕೊಂಡು ಈ ಕೋಣೆಗೆ ಬಂದರು. ಸೂಜಿ ಹಿಡಿಯಲು ಕಲಿಸಿದವರು ಹಾಜಿರಾಬಿ. ಹನ್ನೆರಡು ವರ್ಷ ಒಂದೇ ಗೋಣಿತಟ್ಟಿನ ಮೇಲೆ ಕೂತ ಜೋಡಿ. ಮೊದಲ ಪುಸ್ತಕದ ಹಾಳೆ ಮಡಚುತ್ತಲೇ ಇಬ್ಬರೂ ಆಡಿ ನೋಡಿದರು. ಬಂಡಿಯಲ್ಲಿ ಒಂಬತ್ತು ದಿನದ ಗಾಳಿ, ಹತ್ತಿರದ ಗ್ರಹಕ್ಕೆ ಹನ್ನೊಂದು ದಿನದ ದಾರಿ! “ದಾರ್ಯಾಗ ಎಲ್ಲಾರೂ ಸಾಯ್ತಾರಲ್ರಿ ಮಾಸ್ತರ” ಎಂದು ಹುಲಿಗೆವ್ವ ಹೇಳಿದಾಗ ಗಣಿತದ ಮಾಸ್ತರರು ಅಲ್ಲೇ ಕೂತು ಲೆಕ್ಕ ತಿದ್ದಿದರಂತೆ. ಅಂದಿನಿಂದ ಇವರೇ ಪರೀಕ್ಷಕರು. ಈ ಪುರವಣಿಯಲ್ಲೂ ನಲವತ್ಮೂರು ತಪ್ಪು ಹಿಡಿದಿದ್ದಾರೆ.

ಹಾಜಿರಾಬಿ ತಮ್ಮ ಸವಾರಳಿಗೆ ಶಹಜಾದಿ ಎಂದು ಹೆಸರಿಟ್ಟಿದ್ದರು. ಕಾಯಿಯಾಗಿ ತಮ್ಮದೇ ಒಡೆದ ಬಳೆಯ ಚೂರು.

“ಆಟಕ್ಕ ಕುಂತ್ರ ಆಕೀ ಧ್ವನೀನ ಬ್ಯಾರೆ ಆಗ್ತಿತ್ರಿ” ಎನ್ನುತ್ತಾರೆ ಹುಲಿಗೆವ್ವ. “ಆ ಗ್ರಹದ ರಾಜಾಗ, ಎದ್ದು ನಿಂತು ಮಾತಾಡು ಅಂತಿದ್ಲು. ಹೊರಗ ಮಾಲಕರ ಮುಂದ ಒಂದ ದಿನ ತಲಿ ಎತ್ತಿದಾಕಿ ಅಲ್ಲ.”

ಹೋದ ಮಳೆಗಾಲದಲ್ಲಿ ಮೂರೇ ದಿನದ ಜ್ವರ. ಹಾಜಿರಾಬಿ ಹೋಗಿಬಿಟ್ಟರು.

ಪುರವಣಿ ಮೂರು ವಾರದಿಂದ ನಿಂತಿರುವುದು ಮೂವತ್ತೊಂದನೆಯ ಪುಟದ ಒಂದು ನೇಮಕ್ಕೆ. ಮೊದಲ ಪುಸ್ತಕದ ಪ್ರಕಾರ ಎಲ್ಲ ಸವಾರರೂ ಏರದೆ ಬಂಡಿ ಗ್ರಹ ಬಿಡುವಂತಿಲ್ಲ. ಒಬ್ಬರು ಆಟಕ್ಕೆ ಬರದಿದ್ದರೆ ಉಳಿದವರೂ ಅಲ್ಲೇ ಬಿದ್ದಿರಬೇಕು. ಬಬಲೇಶ್ವರದ ಆಟಗಾರರು ಇದನ್ನೇ ದೂರಿದ್ದರಿಂದ ಮಾಸ್ತರರು ಹೊಸ ನೇಮ ಬರೆದರು: ‘ಮೂರು ಕೂಟ ತಪ್ಪಿಸಿದವರ ಕಾಯಿಯನ್ನು ಸತ್ತಂತೆ ತಿಳಿದು ಎತ್ತಿಬಿಡಬೇಕು.’ ಆಡದೆ ಯಾವ ನೇಮವನ್ನೂ ಪಾಸು ಮಾಡುವುದು ಹುಲಿಗೆವ್ವನ ಪದ್ಧತಿಯಲ್ಲ. ಇದನ್ನು ಆಡಬೇಕೆಂದರೆ ಬಳೆಚೂರನ್ನು ಎತ್ತಬೇಕು.

ನಾನು ಅಲ್ಲಿರುವಾಗಲೇ ಮಾಸ್ತರರೂ ಬರುತ್ತಾರೆ. ಬರೆಯುವಾಗ ಹಾಜಿರಾಬಿಯ ನೆನಪೇ ಆಗಲಿಲ್ಲ ಎಂದು ತಲೆ ತಗ್ಗಿಸುತ್ತಾರೆ. ನೇಮವನ್ನೇ ತೆಗೆದುಬಿಡೋಣ ಎನ್ನುತ್ತಾರೆ. ಹುಲಿಗೆವ್ವ ಒಪ್ಪುವುದಿಲ್ಲ.

“ನೇಮ ತಪ್ಪಿಲ್ರಿ ಮಾಸ್ತರ. ಒಬ್ಬರು ಬರಲಿಲ್ಲಂತ ಉಳದಾವ್ರು ಎಷ್ಟ ದಿನ ಕುಂದರಬೇಕು? ನನಗ ಕೈ ಬರವಲ್ದು, ಅಷ್ಟ.”

ಬಳೆಚೂರಿನತ್ತ ನೋಡುತ್ತ ಹುಲಿಗೆವ್ವ ಕೇಳುತ್ತಾರೆ: “ಪಗಡ್ಯಾಗ ಎಲ್ಲಾ ಮನಿ ತಿರುಗಿ ನಡುಮನಿ ಸೇರಿದ ಕಾಯಿಗೆ ಸತ್ತತಿ ಅಂತಾರೇನ್ರಿ? ಹಣ್ಣಾತು ಅಂತಾರ.”

ಪೆನ್ಸಿಲ್ ತೆಗೆದುಕೊಂಡು ‘ಸತ್ತಂತೆ’ ಎಂಬುದನ್ನು ಹೊಡೆದು, ಮೇಲೆ ‘ಹಣ್ಣಾದಂತೆ’ ಎಂದು ದುಂಡಗೆ ಬರೆಯುತ್ತಾರೆ. ಬಳೆಚೂರನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಗ್ರಹದ ನಟ್ಟನಡುವೆ ಇಡುತ್ತಾರೆ. ಹುಣಸೆ ಬೀಜ ಒಂಟಿಯಾಗಿ ಬಂಡಿ ಏರುತ್ತದೆ. ನನಗೆ ನೋಡಲಾಗದೆ ಕರಡು ಹಾಳೆ ತಿರುವುತ್ತೇನೆ.

ಹೋಗುವ ಮುಂಚೆ, ಇಷ್ಟೆಲ್ಲ ತಿದ್ದಿದ ನಿಮ್ಮ ಹೆಸರು ಪುಸ್ತಕದಲ್ಲಿ ಬೇಡವೇ ಎಂದು ಕೇಳುತ್ತೇನೆ. ಹುಲಿಗೆವ್ವ ಸೂಜಿಗೆ ದಾರ ಪೋಣಿಸುತ್ತಿದ್ದಾರೆ.

“ನಂದ್ಯಾಕ್ರಿ. ಹಾಕೂದಿದ್ರ ಮೊದಲನೇ ಹಾಳ್ಯಾಗ ಶಹಜಾದಿ ಅಂತ ಹಾಕ್ರಿ. ಓದಿದಾವ್ರು, ಯಾವಾಕಿಯೋ ರಾಣಿ ಇದ್ದಿರಬೇಕು ಅಂತ ತಿಳೀಲಿ.”