ಬೇರು ಬಿಟ್ಟು ತಂದ ಅಣಬೆ

ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವಳು. ಅಣಬೆ ಸಸ್ಯವೇ ಅಲ್ಲ, ಅದರ ಕುಲವೇ ಬೇರೆ ಎಂದು ವಿಜ್ಞಾನಿಗಳು ತೀರ್ಮಾನಿಸಿದ್ದು ನನಗೆ ಮಾಡಿದ ದೊಡ್ಡ ಉಪಕಾರ. ಅಣಬೆಯ ವಿಷಯದಲ್ಲಿ ನಾನು ಪಟ್ಟ ಫಜೀತಿಯನ್ನೆಲ್ಲ ‘ಅದು ನನ್ನ ಸಬ್ಜೆಕ್ಟ್ ಅಲ್ಲ’ ಎಂದು ಕೈತೊಳೆದುಕೊಳ್ಳಬಹುದು. ಆದರೆ ಸಂಡೂರಿನಲ್ಲಿರುವ ನನ್ನ ಅತ್ತೆಗೆ ಈ ತೀರ್ಮಾನ ತಲುಪಿಲ್ಲ. ನೆಲದಿಂದ ಮೇಲೆದ್ದು ಬಂದದ್ದೆಲ್ಲ ಗಿಡವೇ, ಗಿಡದ ಪಾಠ ಹೇಳುವ ಸೊಸೆಗೆ ಅದು ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ.

ಅತ್ತೆ ಶಾಲೆಗೆ ಹೋದವರಲ್ಲ. ಆದರೆ ಮುಂಗಾರು ಶುರುವಾಗಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಹುತ್ತದ ಅಣಬೆ ಎಲ್ಲಿ ಎದ್ದಿದೆ ಎಂದು ಕೂತಲ್ಲೇ ಹೇಳುತ್ತಾರೆ. ಅವರ ಅಣಬೆ ಪಲ್ಯ ಉಂಡವರು ಬೇರೆ ಪಲ್ಯದ ಮಾತೆತ್ತುವುದಿಲ್ಲ. ಮದುವೆಯಾಗಿ ಐದು ಮಳೆಗಾಲ ಅವರು ತಂದದ್ದನ್ನು ನಾನು ಉಂಡೆ. ಒಮ್ಮೆಯಾದರೂ ನಾನು ಗುರುತಿಸಿ ತಂದ ಅಣಬೆಯನ್ನು ಅವರು ಉಣ್ಣಬೇಕು ಎಂಬ ಆಸೆ ನನ್ನೊಳಗೆ ಬೆಳೆಯಿತು. ಓದುವಾಗ ಸಿಕ್ಕ ಚಿನ್ನದ ಪದಕಕ್ಕೂ ನಾನು ಇಷ್ಟು ಹಂಬಲಿಸಿರಲಿಲ್ಲ ಎಂದರೆ ನೀವು ನಗಬಹುದು, ನಗಿ.

ಒಂದೇ ಥರ ಕಾಣುವವುಗಳ ಮುಂದೆ ನಾನು ಮೊದಲಿಂದಲೂ ಸೋತವಳು. ನಮ್ಮ ತರಗತಿಯಲ್ಲಿ ಕಂಪ್ಲಿಯಿಂದ ಬರುವ ಅವಳಿ ಅಕ್ಕತಂಗಿಯರಿದ್ದಾರೆ. ವರ್ಷವಿಡೀ ಅಕ್ಕನನ್ನು ತಂಗಿಯ ಹೆಸರಿನಿಂದ ಕರೆದೆ. ಅವರು ನಕ್ಕು ಸುಮ್ಮನಾದರು. ಅಣಬೆಗಳಿಗೆ ಆ ಸೌಜನ್ಯ ಇಲ್ಲ. ಅಕ್ಕನೆಂದುಕೊಂಡು ತಂಗಿಯನ್ನು ಸಾರಿಗೆ ಹಾಕಿದರೆ ಆಸ್ಪತ್ರೆಯ ಹಾಸಿಗೆಯೇ ಗತಿ. ಇದಕ್ಕಾಗಿ ಜನ ಏನೇನೋ ಪರೀಕ್ಷೆ ಕಂಡುಹಿಡಿದಿದ್ದಾರೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಅರಿಶಿನ ಹಾಕಿ ಕುದಿಸಿದರೆ ಎಲ್ಲ ಸರಿ. ಒಂದನ್ನೂ ನಂಬುವ ಹಾಗಿಲ್ಲ. ಹುಳದ ಹೊಟ್ಟೆಯೇ ಬೇರೆ, ನಮ್ಮ ಹೊಟ್ಟೆಯೇ ಬೇರೆ.

ಇಷ್ಟೆಲ್ಲ ಬಲ್ಲ ನಾನು ಹೋದ ವರ್ಷ ಏನು ಮಾಡಿದೆ ಕೇಳಿ. ಒಂದು ಶನಿವಾರ ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ, ಕಾಂಪೌಂಡ್ ಪಕ್ಕದ ಹುತ್ತದ ಸುತ್ತ, ಬೆಳ್ಳನೆಯ ಕೊಡೆಗಳು ಎದ್ದು ನಿಂತಿದ್ದವು. ಪುಸ್ತಕ ನೋಡಿದೆ, ಮೊಬೈಲಿನ ಆ್ಯಪ್ ನೋಡಿದೆ, ಎರಡೂ ಹುತ್ತದ ಅಣಬೆ ಎಂದವು. ಹುಲ್ಲಿನ ಮೇಲೆ ಸ್ವಲ್ಪ ದೂರದಲ್ಲಿದ್ದವನ್ನೂ ಅದೇ ಬಳಗ ಎಂದು ಸೇರಿಸಿಕೊಂಡೆ. ಚಾಕುವಿನಿಂದ ನೆಲದ ಮಟ್ಟಕ್ಕೆ ನೀಟಾಗಿ ಕೊಯ್ದೆ. ಪಾಠಕ್ಕೆ ಇರಲೆಂದು ಎರಡು ಕೊಡೆಗಳನ್ನು ಮನೆಯಲ್ಲಿ ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಬಟ್ಟಲು ಮುಚ್ಚಿದೆ. ಉದುರುವ ಬೀಜಕಗಳ ಬಣ್ಣ ನೋಡಲು ಹೀಗೆ ಮಾಡುತ್ತೇವೆ. ಉಳಿದವನ್ನು ಚೆನ್ನಾಗಿ ತೊಳೆದು ಬುಟ್ಟಿಗೆ ತುಂಬಿ, ಗಂಡನೊಂದಿಗೆ ಸಂಡೂರಿನ ಬಸ್ಸು ಹತ್ತಿದೆ.

“ಅತ್ತಿ, ಹುತ್ತದ ಅಣಬಿ ತಂದೀನ್ರಿ,” ಎಂದು ಬುಟ್ಟಿ ಮುಂದಿಟ್ಟೆ.

ಅತ್ತೆ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿದರು. ಅದಿರಿನ ಧೂಳಿಗೆ ಬಿಳಿ ಅಂಗಿಯೂ ಕೆಂಪಾಗುವ ಊರಿನಲ್ಲಿ ನನ್ನ ಅಣಬೆಗಳು ಹಾಲಿನಂತೆ ಹೊಳೆಯುತ್ತಿದ್ದವು.

“ಬೇರು ಎಲ್ಲಿ ಅದಾವವ್ವ?”

“ಕೊಯ್ದು ಬಿಟ್ಟೀನ್ರಿ. ಮಣ್ಣು ಭಾಳ ಇತ್ತು.”

“ಮುಖ ತೊಳಸಿ ಕರ್ಕೊಂಡು ಬಂದಿ, ಕಾಲು ಅಲ್ಲೇ ಬಿಟ್ಟು ಬಂದಿ. ಇದು ಯಾರ ಮನೀದು ಅಂತ ನಾ ಹೆಂಗ ಹೇಳ್ಲಿ?”

ಹುತ್ತದ ಅಣಬೆಯ ಕಾಂಡ ಮಣ್ಣಿನೊಳಗೆ ಬೇರಿನ ಹಾಗೆ ಸಪೂರವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟಿರುತ್ತದೆ. ಹುಲ್ಲಿನ ಮೇಲಿನ ಕೆಟ್ಟ ಅಣಬೆಗೆ ಅದಿಲ್ಲ. ಇದನ್ನು ನಾನೇ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದೇನೆ. ಬೇರಿನ ಸಾಕ್ಷಿಯೊಂದೇ ಸಾಲದು, ನಿಜ. ಆದರೆ ನಾನು ಚಂದ ಕಾಣಲೆಂದು ಇದ್ದ ಸಾಕ್ಷಿಯನ್ನೂ ಕತ್ತರಿಸಿ ಎಸೆದಿದ್ದೆ. ಅತ್ತೆ ಬುಟ್ಟಿಯನ್ನು ಹಿತ್ತಿಲಿಗೆ ಒಯ್ದು, ಕೋಳಿಗಳೂ ಮುಟ್ಟದಿರಲೆಂದು ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದರು. ಮಧ್ಯಾಹ್ನ ಬದನೆಕಾಯಿ ಪಲ್ಯ. ಅದನ್ನು ಮುಖ ಊದಿಸಿಕೊಂಡೇ ಉಂಡೆ. ಅತ್ತೆಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು ವಾಪಸ್ಸು ಬರುವ ಬಸ್ಸಿನಲ್ಲಿ ಗಂಡನಿಗೆ ಒಂದೇ ಸಮನೆ ಹೇಳಿದೆ. ಪಾಪ, ಅವರು ಕಿಟಕಿಯಾಚೆ ಬೆಟ್ಟ ನೋಡುತ್ತ ಕೂತರು.

ಭಾನುವಾರ ಸಂಜೆ ಮನೆಗೆ ಬಂದು ಬಟ್ಟಲು ಎತ್ತಿದೆ. ಒಂದರ ಕೆಳಗೆ ತಿಳಿ ಗುಲಾಬಿ ಪುಡಿ, ಅದು ಹುತ್ತದ್ದು. ಇನ್ನೊಂದರ ಕೆಳಗೆ ಹಸಿರು. ಹಸಿರು ಬಿದ್ದರೆ ವಾಂತಿ ಭೇದಿ ಮಾಡಿಸುವ ಜಾತಿ ಎಂದು ಓದಿದ್ದೆ. ಎರಡನ್ನೂ ನಾನು ಒಂದೇ ಎಂದು ಕೊಯ್ದಿದ್ದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡ ನಾಚಿಕೆ ಕೂರಲು ಬಿಡಲಿಲ್ಲ. ಫೋನ್ ಮಾಡಿದೆ.

“ಅತ್ತಿ, ಅದರಾಗ ಕೆಟ್ಟವೂ ಇದ್ವುರಿ.”

“ಒಳ್ಳೇವೂ ಇದ್ವೇನು?”

“ಇದ್ವುರಿ.”

“ಅಯ್ಯ, ಅವು ದಂಡ ಆದ್ವು ನೋಡು,” ಎಂದು ಮರುಗಿದರು. ನಾನು ಕಾದಿದ್ದ ಬೈಗುಳ ಬರಲೇ ಇಲ್ಲ. “ಮುಂದಿನ ಮಳಿಗೆ ಬಾ. ಬೇರು ಸಮೇತ ಅಗಿಯೋದು ಕಲಿಸ್ತೀನಿ.”

ಈ ವರ್ಷ ಗಂಡನೊಂದಿಗೆ ಹೋದೆ. ಅತ್ತೆ ನನ್ನ ಕೈಗೆ ಚೂಪು ಕೋಲು ಕೊಟ್ಟು ತಾವು ಹುತ್ತದ ಪಕ್ಕದ ಬಂಡೆಯ ಮೇಲೆ ಕೂತರು. ಕೀಳಬಾರದು, ಸುತ್ತ ಬಿಡಿಸಿ ಬೇರಿನ ತುದಿಯವರೆಗೆ ಹೋಗಬೇಕು. ಒಂದು ಹುತ್ತದ್ದನ್ನು ಒಂದೇ ಎಲೆಯಲ್ಲಿ ಇಡಬೇಕು. ನೋಡಿ ಮುಗಿಯುವ ತನಕ ನೀರು ಮುಟ್ಟಿಸಬಾರದು. ಬೆಳಗೆಲ್ಲ ಮಂಡಿಯೂರಿ ಅಗೆದು ಹನ್ನೊಂದು ತೆಗೆದೆ. ಅತ್ತೆ ಒಂದೊಂದನ್ನೇ ತಿರುವಿ ನೋಡಿ ಮೂರನ್ನು ಪಕ್ಕಕ್ಕಿಟ್ಟರು.

“ಇವು ಕೆಟ್ಟವೇನ್ರಿ?”

“ಗೊತ್ತಿಲ್ಲ.”

ಎಷ್ಟು ಸಲೀಸಾಗಿ ಹೇಳಿದರು. ಇಷ್ಟು ವರ್ಷದ ಪಾಠದಲ್ಲಿ ನಾನು ಆ ಮಾತನ್ನು ಒಮ್ಮೆಯೂ ಆಡಿಲ್ಲ. ಉತ್ತರ ತಿಳಿಯದಿದ್ದರೆ ಮುಂದಿನ ಪಾಠದಲ್ಲಿ ಬರುತ್ತದೆ ಎಂದು ಜಾರಿಕೊಂಡವಳು ನಾನು. ಮೂರೂ ಅಣಬೆ ಗುಂಡಿಗೆ ಹೋದವು.

ಮಧ್ಯಾಹ್ನ ಜೋಳದ ರೊಟ್ಟಿ, ಅಣಬೆ ಪಲ್ಯ. ಅತ್ತೆ ನನಗೆ ಬಡಿಸಿದರು, ತಮಗೂ ಬಡಿಸಿಕೊಂಡರು. ಗಂಡನ ತಟ್ಟೆಗೆ ಶೇಂಗಾ ಚಟ್ನಿ, ಮೊಸರು ಹಾಕಿದರು.

“ಅವ್ವ, ನನಗ ಪಲ್ಯ?”

“ನಿನಗ ಇವತ್ತು ಬ್ಯಾಡ. ಅಣಬಿ ಮಾಡಿದ ದಿನ ಮನ್ಯಾಗ ಒಬ್ರು ಉಣಬಾರದು. ಹೆಚ್ಚುಕಮ್ಮಿ ಆದ್ರ ಆಟೋ ಕರ್ಯಾಕ ಒಬ್ರು ಬೇಕಲ್ಲ. ಇಷ್ಟು ವರ್ಷ ನಾನೇ ಬಿಡ್ತಿದ್ದೆ.”

ಐದು ಮಳೆಗಾಲ ನಾನು ಬಾಯಿ ಚಪ್ಪರಿಸಿ ಉಂಡಾಗ ಅತ್ತೆ ಪಲ್ಯ ಮುಟ್ಟಿರಲಿಲ್ಲ, ನಾನು ಗಮನಿಸಿಯೂ ಇರಲಿಲ್ಲ. ನನ್ನನ್ನು ನಂಬುವುದಿಲ್ಲ ಎಂದು ನಾನು ದೂರುತ್ತಿದ್ದವರು ತಮ್ಮ ಕಣ್ಣನ್ನೇ ಪೂರ್ತಿ ನಂಬಿರಲಿಲ್ಲ. ಅತ್ತೆ ಮಾತ್ರ ಯಾವ ಯೋಚನೆಯೂ ಇಲ್ಲದೆ ನಾನು ಅಗೆದು ತಂದದ್ದನ್ನು ರೊಟ್ಟಿಯಲ್ಲಿ ಹಿಡಿದು ಬಾಯಿಗಿಟ್ಟರು. ಗಂಡ ಚಟ್ನಿ ನೆಕ್ಕುತ್ತ ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು.

“ಉಪ್ಪು ಚೂರು ಕಡಿಮಿ ಆಗೈತಿ,” ಎಂದರು ಅತ್ತೆ, ಮತ್ತೆ ಪಾತ್ರೆಗೆ ಕೈ ಹಾಕಿದರು.