ಭಾರವಿಲ್ಲದ ಕಣ್ಣೀರು

ಕನ್ನಡಕ ಒರೆಸುವುದಕ್ಕೆ ಪಂಚೆಯ ಚುಂಗಿಗಿಂತ ಪ್ರಶಸ್ತವಾದ ಸಾಧನವನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ವಿಜ್ಞಾನದ ಮೇಷ್ಟ್ರಾದ ನಾನೇ ಹೇಳುತ್ತಿದ್ದೇನೆ, ನಂಬಿ. ನಮ್ಮ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು, ಅವುಗಳ ಧೂಳೆಲ್ಲ ನೇರವಾಗಿ ನನ್ನ ಮೂಗಿನ ಮೇಲಿನ ಗಾಜಿಗೇ ಬಂದು ಕೂರುವುದರಿಂದ ದಿನವಿಡೀ ಒರೆಸುತ್ತಲೇ ಇರುತ್ತೇನೆ.

ಒರೆಸಿದರೂ ಹೋಗದ ಮಬ್ಬು ನನ್ನ ಜತೆಗಿರುವ ಅಕ್ಕನದು. ಎರಡೂ ಕಣ್ಣಿಗೆ ಪೊರೆ. "ದಿನಾ ದೇವರ ಮುಂದೆ 'ಪೊರೆಯಪ್ಪಾ, ಪೊರೆಯಪ್ಪಾ' ಅಂತಿದ್ದೆ, ಪಾಪ, ಕೊಟ್ಟೇಬಿಟ್ಟ" ಎಂದು ತಾನೇ ನಗುತ್ತಿದ್ದಳು. ಇನ್ನು ತಡಮಾಡಿದರೆ ಬೆಳಕೂ ಕಾಣದೆಂದು ಡಾಕ್ಟರು ಹೇಳಿದ್ದರೂ ಆಪರೇಷನ್ನಿಗೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲವಿಟ್ಟು, ದಿನಗಟ್ಟಲೆ ಅಲ್ಲಾಡದೆ, ಅಳದೆ ಮಲಗಬೇಕಂತೆ. ಒಗ್ಗರಣೆ ಸೀದರೂ ಕಣ್ಣೀರು ಹಾಕುವ ಜೀವಕ್ಕೆ ಅದೆಲ್ಲಿ ಸಾಧ್ಯ?

ಐವತ್ತೇಳರ ಕೊನೆಯಲ್ಲಿ ರಷ್ಯಾದವರು ಒಂದು ಹೆಣ್ಣುನಾಯಿಯನ್ನು ಅಂತರಿಕ್ಷಕ್ಕೆ ಹಾರಿಸಿದರು. ಪತ್ರಿಕೆ ಓದಿ ಹೇಳಿದೆ. ಅಲ್ಲಿ ಭಾರವೆಂಬುದೇ ಇರದೆಂದು ಗುರುತ್ವಾಕರ್ಷಣೆಯ ಪಾಠವನ್ನೂ ಒಪ್ಪಿಸಿದೆ. ಅಕ್ಕ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಅದು ಅತ್ತರೆ ಕಣ್ಣೀರು ಕೆಳಗೆ ಇಳಿಯೋದು ಹೇಗೋ? ಪೊರೆ ಕಟ್ಟಿದ ಹಾಗೆ ಕಣ್ಣಲ್ಲೇ ನಿಂತುಬಿಡುತ್ತಲ್ಲೋ!"

ನಾನು ಬೆಪ್ಪಾದೆ. ಇಷ್ಟು ವರ್ಷ ತರಗತಿಯಲ್ಲಿ ಸೇಬಿನ ಹಣ್ಣು ಬೀಳಿಸಿಕೊಂಡೇ ಬಂದ ನನಗೆ ಕಣ್ಣೀರೂ ಬೀಳುವ ವಸ್ತುವೆಂದು ಹೊಳೆದೇ ಇರಲಿಲ್ಲ! ಅಬ್ಬಾ, ನಾವು ಅಳಬೇಕಾದರೂ ಭೂತಾಯಿ ಕೆಳಗಿನಿಂದ ಎಳೆದುಕೊಳ್ಳಬೇಕೇ?

ನಾಯಿ ಹಿಂದಿರುಗುವುದಿಲ್ಲವೆಂದು ತಿಳಿದಾಗ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಪಾಪ, ಕಟ್ಟಿ ಕೂರಿಸಿದ್ರಲ್ಲ ಅದನ್ನ, ಅಲ್ಲಾಡೋ ಹಾಗಿಲ್ಲ, ಅಳೋ ಹಾಗಿಲ್ಲ. ನನ್ನ ಪಕ್ಕದಲ್ಲಿ ನೀನಾದ್ರೂ ಇರ್ತೀಯ. ನಡಿಯೋ ಆಸ್ಪತ್ರೆಗೆ."

ಮರಳಿನ ಚೀಲಗಳ ನಡುವೆ ಅವಳು ಒಂದು ಹನಿಯನ್ನೂ ಹಾಕದೆ ಮಲಗಿದ್ದಳು. ಪಕ್ಕದಲ್ಲಿ ಕೂತು ಅತ್ತವನು ನಾನು.

ಮರುವರ್ಷ ಒಂದು ಸಂಜೆ, ಸೀಸೆಯ ತಳದಂಥ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದವಳು, ಚಲಿಸುವ ಚುಕ್ಕಿಯೊಂದನ್ನು ನನಗಿಂತ ಮೊದಲೇ ಕಂಡಳು. ಅದು ಆಮೇಲೆ ಹಾರಿಸಿದ ಮತ್ತೊಂದು ಉಪಗ್ರಹ.

"ಇದರಲ್ಲಿ ಯಾರಿದ್ದಾರೋ?"

"ಯಾರೂ ಇಲ್ಲ ಅಕ್ಕ."

"ಸದ್ಯ" ಎಂದಳು.

ಚುಕ್ಕಿ ಕೆಂಗೇರಿಯ ದಿಕ್ಕಿಗೆ ಮರೆಯಾಗುವವರೆಗೂ ಇಬ್ಬರೂ ಬಾಯಿ ತೆರೆದುಕೊಂಡು ನೋಡಿದೆವು. ಅಕ್ಕನ ಕನ್ನಡಕದ ಅಡಿಯಿಂದ ಒಂದು ಹನಿ ಜಾರಿ ಗಲ್ಲದವರೆಗೂ ಬಂತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, "ಇಳೀತು ಕಣೋ" ಎಂದಳು.

ನನ್ನ ಗಾಜೂ ಮಬ್ಬಾಗಿತ್ತು. ಪಂಚೆಯ ಚುಂಗು ಕೈಯಲ್ಲೇ ಇತ್ತು, ಒರೆಸಲಿಲ್ಲ.